ಭಜನೆಗೆ ಇಳಿದ ಆರ್ಗನ್

ಬೆಂಗಳೂರಿನ ಸಂಗೀತದ ಬಗ್ಗೆ ಒಂದು ಮಾತು ನಮ್ಮ ನಡುವೆ ಎಷ್ಟು ಸಲೀಸಾಗಿ ಓಡಾಡಿಕೊಂಡಿದೆ ಎಂದರೆ, ಅದನ್ನು ತಡೆದು ನಿಲ್ಲಿಸಿ ಕೇಳುವವರೇ ಇಲ್ಲ. ಊರಿನ ಹೊರವಲಯಕ್ಕೆ, ಅಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಗೆಲ್ಲ ಸ್ವಂತ ಸಂಗೀತವಿಲ್ಲವಂತೆ. ಅಲ್ಲಿರುವ ಜಾಝ್ ಐಟಿ ಸಂಬಳದ ಬೆನ್ನು ಹತ್ತಿ ಬಂದ ಶೋಕಿ, ಹಾಗಾಗಿ ನಮ್ಮದಲ್ಲ. ಅಲ್ಲಿರುವ ಭಜನೆ, ನಾಟಕದ ಪೇಟಿ, ಆರ್ಕೆಸ್ಟ್ರಾದ ಕೀಬೋರ್ಡ್ ನಮ್ಮವೇ ಹೌದು, ಆದರೆ ಸಂಗೀತವಲ್ಲ. ಒಂದಕ್ಕೆ ಮಣ್ಣಿಲ್ಲ, ಇನ್ನೊಂದಕ್ಕೆ ಮಟ್ಟವಿಲ್ಲ.

ಹೀಗೆ ಹೇಳುವವರು ಕಿವಿಯಿಲ್ಲದವರೇನಲ್ಲ. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕೂತು ರಾಗ-ತಾನ-ಪಲ್ಲವಿ ಮುಗಿಯುವವರೆಗೆ ಏಳದವರು, ಪತ್ರಿಕೆಗಳಿಗೆ ಕಛೇರಿ ವಿಮರ್ಶೆ ಬರೆಯುವವರು, ಗೋಷ್ಠಿಗಳಲ್ಲಿ ಜಾಗತೀಕರಣದ ಬಗ್ಗೆ ಮಾತಾಡುವವರು. ಅವರ ಕಿವಿಯ ಮೇಲೆ ನನಗೆ ಅನುಮಾನವಿಲ್ಲ. ಕೇಳುವ ಮೊದಲೇ ತೀರ್ಪು ಬರೆದಿಟ್ಟಿದ್ದಾರೆ ಎಂಬುದು ನನ್ನ ತಕರಾರು. ಯಾವ ಜಾಗದಲ್ಲಿ, ಯಾರ ಮುಂದೆ, ಟಿಕೆಟ್ ಎಷ್ಟಕ್ಕೆ ಎಂದು ನೋಡಿಕೊಂಡು ಸಂಗೀತದ ಅಂತಸ್ತು ಕಟ್ಟುತ್ತಾರೆ. ಬೆರಳು ಏನು ಮಾಡುತ್ತಿದೆ ಎಂಬ ಪ್ರಶ್ನೆ ಆಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ವೈಟ್‌ಫೀಲ್ಡಿನಿಂದಲೇ ಶುರು ಮಾಡೋಣ. ಇಪಿಐಪಿ ವಲಯದಲ್ಲಿ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಎಂಬ ಜಾಗವಿದೆ. ಅಲ್ಲೇ ಬಿಯರ್ ತಯಾರಾಗುತ್ತದೆ, ಅಲ್ಲೇ ಜಾಝ್‌ಗೆಂದು ಮಾಡಿದ ರಂಗವೂ ಇದೆ. ಅದೇ ವಲಯದ ಮಗ್ಗುಲಿನ ಮೆಟ್ರೊ ನಿಲ್ದಾಣಕ್ಕೆ ಶ್ರೀ ಸತ್ಯ ಸಾಯಿ ಆಸ್ಪತ್ರೆಯ ಹೆಸರು. 2001ರಿಂದ ರೋಗಿಗಳಿಂದ ಕಾಸು ಪಡೆಯದೆ ನಡೆಯುತ್ತಿರುವ ಆಸ್ಪತ್ರೆ. ಮುಂದೆ ಕೆಲವೇ ಕಿಲೋಮೀಟರ್ ಹೋದರೆ ಕಾಡುಗೋಡಿ. ಸತ್ಯ ಸಾಯಿಬಾಬಾ ವರ್ಷದಲ್ಲಿ ಕೆಲವು ತಿಂಗಳು ಬಂದಿರುತ್ತಿದ್ದ ಬೃಂದಾವನ ಆಶ್ರಮ ಅಲ್ಲಿದೆ. ಒಂದು ಕಡೆ ವಾರಾಂತ್ಯದ ಪಿಯಾನೊ, ಇನ್ನೊಂದು ಕಡೆ ಸಂಜೆಯ ಭಜನೆಯ ಹಾರ್ಮೋನಿಯಂ. ಎರಡಕ್ಕೂ ಯಾವ ನಂಟೂ ಇಲ್ಲ ಎಂದು ಆ ಕಡೆಯವರೂ ಈ ಕಡೆಯವರೂ ಜಗಳವಿಲ್ಲದೆ ಒಪ್ಪಿಕೊಂಡಿದ್ದಾರೆ.

ಆದರೆ ಎರಡನ್ನೂ ಒಂದೇ ಜನ್ಮದಲ್ಲಿ ಒಂದೇ ವಾದ್ಯದ ಮುಂದೆ ಕೂತು ಬದುಕಿದವರೊಬ್ಬರಿದ್ದರು. ಪಿಯಾನೊ, ಆರ್ಗನ್ ಮತ್ತು ಹಾರ್ಪ್ ನುಡಿಸುತ್ತಿದ್ದ ಆಲಿಸ್ ಕೋಲ್ಟ್ರೇನ್. ಬಾಳಿನ ದ್ವಿತೀಯಾರ್ಧದಲ್ಲಿ ಅವರು ಗುರುವೆಂದು ನಂಬಿದ್ದು ಇದೇ ಕಾಡುಗೋಡಿಯ ಬಾಬಾರನ್ನು.

ಆಲಿಸ್ ಮೆಕ್‌ಲಾಯ್ಡ್ ಹುಟ್ಟಿದ್ದು 1937ರಲ್ಲಿ, ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ. ನಮ್ಮ ಪೀಣ್ಯವನ್ನು ಹತ್ತಾರು ಪಟ್ಟು ಹಿಗ್ಗಿಸಿ ಅದರ ಎಲ್ಲ ಶೆಡ್ಡುಗಳಲ್ಲೂ ಕಾರಿನ ಬಿಡಿಭಾಗಗಳನ್ನೇ ಮಾಡಿಸಿದರೆ ಆಗಬಹುದಾದ ಊರು ಅದು. ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಕೂಲಿ ಹುಡುಕಿಕೊಂಡು ಬಂದ ಕಪ್ಪು ಜನರಿಗೆ ವಾರವಿಡೀ ಕಾರ್ಖಾನೆ, ಭಾನುವಾರ ಚರ್ಚು. ಆ ಚರ್ಚಿನಲ್ಲಿ ಬೋಧಕ ಒಂದು ಸಾಲು ಎತ್ತುತ್ತಾನೆ, ಜನ ಅದನ್ನು ಹಿಂದಿರುಗಿಸುತ್ತಾರೆ, ನಡುವೆ ಆರ್ಗನ್ ಉರಿಯನ್ನು ಏರಿಸುತ್ತದೆ, ಇಳಿಸುತ್ತದೆ. ಹುಡುಗಿಯಾಗಿದ್ದಾಗಲೇ ಆಲಿಸ್ ಅಲ್ಲಿ ಪಿಯಾನೊ ಮತ್ತು ಆರ್ಗನ್‌ಗೆ ಕೂತರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಕಲಿತರು. ಪ್ಯಾರಿಸ್‌ಗೆ ಹೋಗಿ ಬಡ್ ಪವೆಲ್ ಅವರ ಬಳಿ ಜಾಝ್ ಪಿಯಾನೊ ತಿದ್ದಿಕೊಂಡರು. 1963ರಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಪರಿಚಯವಾದರು; 1965ರಲ್ಲಿ ಮದುವೆ. ಜಾನ್ ತಂಡದಿಂದ ಮೆಕಾಯ್ ಟೈನರ್ ಹೊರಟ ಮೇಲೆ, ಮರುವರ್ಷ, ಪಿಯಾನೊ ಆಲಿಸ್ ಕೈಗೆ ಬಂತು. ಗಂಡ ಹೆಂಡತಿಯನ್ನು ಕೂರಿಸಿಕೊಂಡ ಎಂದು ಆಡಿಕೊಂಡವರು ಆಗಲೇ ಇದ್ದರು. 1967ರ ಜುಲೈನಲ್ಲಿ ಜಾನ್ ತೀರಿಕೊಂಡಾಗ ಆಕೆಗೆ 29 ವರ್ಷ, ನಾಲ್ಕು ಮಕ್ಕಳು. ಅವರಲ್ಲೊಬ್ಬನ ಹೆಸರು ರವಿ; ರವಿಶಂಕರ್ ನೆನಪಿಗೆ ಇಟ್ಟದ್ದು.

ಮುಂದಿನ ಹತ್ತು ವರ್ಷ ಆಕೆ ಮಾಡಿದ ಕೆಲಸವನ್ನು ನೋಡಿದರೆ ದಂಗಾಗಬೇಕು. ಸ್ವಾಮಿ ಸಚ್ಚಿದಾನಂದರ ಶಿಷ್ಯೆಯಾಗಿ ‘ಜರ್ನಿ ಇನ್ ಸಚ್ಚಿದಾನಂದ’ ಮಾಡಿದರು. ಅದೇ 1971ರಲ್ಲಿ ‘ಯೂನಿವರ್ಸಲ್ ಕಾನ್ಷಿಯಸ್‌ನೆಸ್’ ಬಂತು. ಅದರಲ್ಲಿ ವುರ್ಲಿಟ್ಜರ್ ಆರ್ಗನ್ ಮುಂದೆ ಕೂತ ಆಲಿಸ್ ಬೇರೆಯೇ ವ್ಯಕ್ತಿ. ಪಿಯಾನೊದ ಸ್ವರ ಹುಟ್ಟಿದ ಕೂಡಲೇ ಸಾಯತೊಡಗುತ್ತದೆ. ಆರ್ಗನ್ನಿನ ಸ್ವರ ಬೆರಳು ಎತ್ತುವವರೆಗೂ ನಿಲ್ಲುತ್ತದೆ. ಆ ನಿಲ್ಲುವ ಗುಣವನ್ನು ಅವರು ಎರಡು ರೀತಿಯಲ್ಲಿ ಬಳಸಿದರು. ತಂಬೂರಿಯಂತೆ ತಳದಲ್ಲಿ ಇಟ್ಟರು, ಮೇಲೆ ಬಲಗೈಯಿಂದ ಚರ್ಚಿನ ಬೋಧಕನ ಆವೇಶದಲ್ಲಿ ಕೂಗಿಸಿದರು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವೇದಾಂತ ಕೇಂದ್ರ ಸ್ಥಾಪಿಸಿದರು. ಸ್ವಾಮಿನಿ ತುರೀಯಸಂಗೀತಾನಂದ ಆದರು. 1978ರ ನಂತರ ಮಾರುಕಟ್ಟೆಯ ರೆಕಾರ್ಡಿಂಗ್ ನಿಲ್ಲಿಸಿದರು. 1983ರಲ್ಲಿ ಅಗೋರಾ ಬೆಟ್ಟಗಳ ನಡುವೆ, ಮುಂದೆ ಸಾಯಿ ಅನಂತಂ ಎಂದು ಹೆಸರಾದ ಆಶ್ರಮ ಎದ್ದಿತು. ಪ್ರತಿ ಭಾನುವಾರ ಆರ್ಗನ್ ಮುಂದೆ ಕೂತು ಭಜನೆ ನಡೆಸಿದರು.

ಜಾಝ್ ಲೋಕ ಇದನ್ನು ಓದಿಕೊಂಡದ್ದು ಒಂದೇ ಬಗೆಯಲ್ಲಿ: ಒಬ್ಬ ಪ್ರತಿಭಾವಂತೆ ಜಾಝ್ ಬಿಟ್ಟು ಭಜನೆಗೆ ಇಳಿದಳು. ಗಂಡನ ಹಳೆಯ ಧ್ವನಿಮುದ್ರಿಕೆಗಳಿಗೆ ಆಕೆ ತಂತಿವಾದ್ಯಗಳನ್ನು ಸೇರಿಸಿ 1972ರಲ್ಲಿ ಹೊರತಂದಾಗ ಮೊದಲೇ ರೇಗಿದ್ದ ವಿಮರ್ಶಕರಿಗೆ ಇದೊಂದು ನೆಪವೂ ಸಿಕ್ಕಿತು. ಆಶ್ರಮದ ಕ್ಯಾಸೆಟ್‌ಗಳು, ಅಂದರೆ 1982ರ ‘ತುರಿಯಾ ಸಿಂಗ್ಸ್’, 1987ರ ‘ಡಿವೈನ್ ಸಾಂಗ್ಸ್’ ಮೊದಲಾದವು ಭಕ್ತರ ಕೈಯಿಂದ ಕೈಗೆ ಹೋದವು, ಅಷ್ಟೆ. ಹೊರಗಿನ ವಿಮರ್ಶಕರಿಗೆ ಅವು ಸಂಗೀತ ಅನ್ನಿಸಲಿಲ್ಲ. 2007ರ ಜನವರಿಯಲ್ಲಿ ಆಕೆ ತೀರಿಕೊಂಡರು. ಹತ್ತು ವರ್ಷದ ಮೇಲೆ, 2017ರಲ್ಲಿ, ನ್ಯೂಯಾರ್ಕಿನ ಲುಯಾಕಾ ಬಾಪ್ ಕಂಪನಿ ಆ ಆಶ್ರಮದ ಭಜನೆಗಳನ್ನೇ ಆಯ್ದು ಹೊರತಂದಿತು. ಆಗ ಅದೇ ಪತ್ರಿಕಾಲೋಕ ಎದ್ದು ನಿಂತು ಚಪ್ಪಾಳೆ ತಟ್ಟಿತು. ಭಜನೆಯಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಮಾರುವ ಅಂಗಡಿ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಭಕ್ತಿಯ ಪರ ವಕಾಲತ್ತು ಎಂದುಕೊಂಡಾರು. ಸಾಯಿಬಾಬಾ ಪವಾಡಗಳನ್ನು ಪರೀಕ್ಷೆಗೆ ಒಡ್ಡಬೇಕೆಂದು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಸಮಿತಿ ಮಾಡಿದರು, ಪತ್ರ ಬರೆದರು. ಎಚ್ಚೆನ್ ಕೇಳಿದ ಪ್ರಶ್ನೆಗಳ ಪಕ್ಕದಲ್ಲೇ ನಾನು ನಿಲ್ಲುವುದು. ಆದರೆ ಆ ಪ್ರಶ್ನೆ ಪವಾಡದ ಬೂದಿಯ ಬಗ್ಗೆ, ಉಂಗುರದ ಬಗ್ಗೆ. ಭಜನೆಯ ರಚನೆಗೂ ಅದಕ್ಕೂ ಸಂಬಂಧವಿಲ್ಲ. ದೇವರನ್ನು ನಂಬದವನೂ ದಾಸರ ಪದ ಕೇಳಿ ತಲೆದೂಗುತ್ತಾನಲ್ಲ!

ಆ ರಚನೆಯನ್ನೇ ನೋಡಿ. ಮುಂದಾಳು ಒಂದು ಸಾಲು ಹಾಡಬೇಕು, ಗುಂಪು ಅದನ್ನೇ ತಿರುಗಿಸಬೇಕು. ಮೊದಲು ವಿಳಂಬದಲ್ಲಿ, ಆಮೇಲೆ ಇಡೀ ಹಾಡು ದುಪ್ಪಟ್ಟು ವೇಗದಲ್ಲಿ, ತಾಳ ತಟ್ಟುವ ಕೈಗಳು ನೂರಾರು. ಡೆಟ್ರಾಯಿಟ್ಟಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬೆಳೆದ ಹುಡುಗಿಗೆ ಇದು ಹೊರದೇಶದ್ದಾಗಿ ಕೇಳಿಸಿರಲು ಸಾಧ್ಯವೇ? ಆಕೆ ಸೇರಿಸಿದ್ದು ಒಂದೇ ಸಂಗತಿ, ಆದರೆ ದೊಡ್ಡದು. ನಮ್ಮ ಭಜನೆಯಲ್ಲಿ ಪೇಟಿ ದನಿಯ ಬೆನ್ನಿಗೆ ಬೀಳುತ್ತದೆ. ಗಾಯಕ ಎಲ್ಲಿಗೆ ಹೋದರೆ ಅಲ್ಲಿಗೆ. ಆಲಿಸ್ ಆರ್ಗನ್ ದನಿಯ ಹಿಂದೆ ಹೋಗುವುದಿಲ್ಲ. ಗಾಯಕಿ ಒಂದೇ ನಾಮವನ್ನು ಒಂದೇ ಸ್ವರದಲ್ಲಿ ಮತ್ತೆ ಮತ್ತೆ ಹಾಡುವಾಗ ಕೆಳಗಿನ ಸ್ವರಗುಚ್ಛ ಮೆಲ್ಲಗೆ ಜರುಗುತ್ತದೆ. ಅದೇ ನಾಮ ಮೊದಲು ಬೇಡಿಕೆಯಾಗಿ, ಮರುಸಲ ದೂರಾಗಿ, ಇನ್ನೊಮ್ಮೆ ನಿಟ್ಟುಸಿರಾಗಿ ಕೇಳಿಸುತ್ತದೆ. 2021ರಲ್ಲಿ ಬಂದ ‘ಕೀರ್ತನ್’ ಆವೃತ್ತಿಯಲ್ಲಿ ದನಿ ಮತ್ತು ಆರ್ಗನ್ ಬಿಟ್ಟರೆ ಬೇರೇನೂ ಇಲ್ಲ. ಅದನ್ನು ಕೇಳಿ ಇದು ಜಾಝ್ ಬಿಟ್ಟವರ ಕೈ ಎನ್ನುವವರಿಗೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಇನ್ನು ಜಾಝ್ ನಮ್ಮೂರಿಗೆ ಐಟಿ ಜತೆ ಬಂತು ಎಂಬ ಮಾತು. ವೈಟ್‌ಫೀಲ್ಡಿನ ಐಟಿ ಪಾರ್ಕ್ ಉದ್ಘಾಟನೆಯಾದದ್ದು 1998ರಲ್ಲಿ. ಅದಕ್ಕೆ 15 ವರ್ಷ ಮೊದಲೇ, 1983ರಲ್ಲಿ, ಜರ್ಮನಿಯ ಇಸಿಎಂ ಕಂಪನಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದಿತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆಗಿದ್ದವರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಮೃದಂಗ-ಘಟ-ಖಂಜಿರ-ಮೋರ್ಸಿಂಗ್‌ಗಳ ಪಾಠಶಾಲೆ ಅದು. ಹಾಡಿದವರು ಆರ್.ಎ. ರಮಾಮಣಿ. ಅದೇ ರಮಾಮಣಿ ಪಿಯಾನೊ ವಾದಕ ಲೂಯಿ ಬ್ಯಾಂಕ್ಸ್ ಅವರ ‘ಸಂಗಂ’ ತಂಡದಲ್ಲೂ ಹಾಡಿದರು. ಡಾರ್ಜಿಲಿಂಗ್‌ನಲ್ಲಿ ಹುಟ್ಟಿ, ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಬ್ಲೂ ಫಾಕ್ಸ್‌ನಲ್ಲಿ ಹೆಸರು ಮಾಡಿ ಮುಂಬೈಗೆ ಹೋದ ಬ್ಯಾಂಕ್ಸ್ ಒಂದು ಕಡೆ ಪಿಯಾನೊದಲ್ಲಿ ಸ್ವರಗುಚ್ಛ ಜೋಡಿಸುತ್ತಿದ್ದರೆ, ಇನ್ನೊಂದು ಕಡೆ ಬೆಂಗಳೂರಿನ ಹೆಣ್ಣುಮಗಳೊಬ್ಬರು ಸರಿಗಮದಲ್ಲಿ ಕಲ್ಪನಾಸ್ವರ ಹಾಕುತ್ತಿದ್ದರು. ಆಗ ಎಲೆಕ್ಟ್ರಾನಿಕ್ ಸಿಟಿ ಎಂದರೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಆರ್.ಕೆ. ಬಾಳಿಗ ಕಂಡ ಕನಸು. ಇನ್ನೂ ಅರ್ಧ ಪೊದೆ, ಅರ್ಧ ಶೆಡ್ಡು.

ಅದಕ್ಕೂ ಹಿಂದೆ ಹೋಗಬಹುದು. ಜಿ.ಕೆ. ವೆಂಕಟೇಶ್ 1968ರಲ್ಲಿ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ ಚಿತ್ರಗಳಿಗೆ ಸಂಗೀತ ಕೊಟ್ಟಾಗ ಕ್ಲಬ್ಬಿನ ಹಿತ್ತಾಳೆ ವಾದ್ಯಗಳೂ ಡ್ರಮ್ ಸೆಟ್ಟೂ ಟೆಂಟ್ ಸಿನಿಮಾದ ಮರಳ ಮೇಲೆ ಕೂತವರ ಕಿವಿಗೆ ನೇರವಾಗಿ ಬಿದ್ದವು. ಹತ್ತು ವರ್ಷದ ಮೇಲೆ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಇಂಗ್ಲಿಷಿನಲ್ಲೇ ಒಂದು ಹಾಡು ಹೇಳಿದರು. ಇದು ಯಾವ ದೇಶದ್ದು ಎಂದು ಯಾವ ಟೆಂಟಿನಲ್ಲೂ ಯಾರೂ ಕೇಳಲಿಲ್ಲ, ಶಿಳ್ಳೆ ಹೊಡೆದರು. ನಮ್ಮದಲ್ಲ ಎಂಬ ತಗಾದೆ ಹುಟ್ಟಿದ್ದು ಅದೇ ಸದ್ದಿಗೆ ಪ್ರವೇಶ ದರ ನಿಗದಿಯಾದ ಮೇಲೆ. ದರದ ಮೇಲೆ ಸಿಟ್ಟಿದ್ದರೆ ದರವನ್ನೇ ಬೈಯಬೇಕು, ನಾನೂ ದನಿಗೂಡಿಸುತ್ತೇನೆ.

ವಾದ್ಯದ ಮೂಲವನ್ನು ಹಿಡಿದು ಜಗಳ ತೆಗೆಯುವವರಿಗೆ ಕದ್ರಿ ಗೋಪಾಲನಾಥ್ ನೆನಪಾಗಬೇಕು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾಗಿ, ನಾಗಸ್ವರದ ಮನೆತನದ ಆ ಹುಡುಗ ಅದರಲ್ಲಿ ಗಮಕ ಕೂರಿಸಿದರು. ಮುಂದೆ ಅಮೆರಿಕದ ಕನ್ನಡ ಮೂಲದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರನ್ನು ಹುಡುಕಿಕೊಂಡು ಬಂದರು. 2008ರಲ್ಲಿ ಇಬ್ಬರೂ ‘ಕಿನ್ಸ್‌ಮೆನ್’ ತಂದರು. ಗೋಪಾಲನಾಥರನ್ನು ನಾವು ಒಪ್ಪಿದ್ದೇವೆ, ಪ್ರಶಸ್ತಿ ಕೊಟ್ಟಿದ್ದೇವೆ, ಸರಿಯಾಗಿಯೇ ಮಾಡಿದ್ದೇವೆ. ಪಿಟೀಲಂತೂ ನಮ್ಮದೇ ಆಗಿ ಎರಡು ಶತಮಾನ ಕಳೆದಿದೆ. ಹಾಗಿರುವಾಗ ಮನೆಗಳಿರುವ, ಅಂದರೆ ಕೀಲಿಗಳಿರುವ, ವಾದ್ಯ ಕಂಡ ಕೂಡಲೇ ಮೂಗು ಮುರಿಯುವುದೇಕೆ?

ಗಮಕ ಬರುವುದಿಲ್ಲ ಎಂಬುದು ಸಿದ್ಧ ಉತ್ತರ. ಉತ್ತರ ಅರ್ಧ ನಿಜ. ಹಾರ್ಮೋನಿಯಂ ಯುರೋಪಿನ ಗಾಳಿಪೆಟ್ಟಿಗೆ ಆರ್ಗನ್ನಿನ ಮರಿ. ಕಾಲಲ್ಲಿ ತಿದಿ ಒತ್ತುತ್ತಿದ್ದುದನ್ನು 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ನೆಲದ ಮೇಲೆ ಕೂತು ಕೈಯಲ್ಲಿ ನುಡಿಸುವ ಪೆಟ್ಟಿಗೆಯಾಗಿ ಮಾಡಿದರು. ಅದರ ಸ್ವರ ಸ್ವರದಿಂದ ಸ್ವರಕ್ಕೆ ಜಾರುವುದಿಲ್ಲ, ಹಾರುತ್ತದೆ. ಇದೇ ಕಾರಣ ಕೊಟ್ಟು ಆಲ್ ಇಂಡಿಯಾ ರೇಡಿಯೊ 1940ರ ಮಾರ್ಚಿನಿಂದ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ದೆಹಲಿ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಇಂಗ್ಲೆಂಡಿನ ಜಾನ್ ಫೌಲ್ಡ್ಸ್ 1938ರಲ್ಲೇ ಅದರ ವಿರುದ್ಧ ಬರೆದಿದ್ದರು. ರವೀಂದ್ರನಾಥ ಟಾಗೋರರೂ ಪತ್ರ ಬರೆದು ನಿಷೇಧಕ್ಕೆ ಬೆಂಬಲ ಕೊಟ್ಟರು. ಸಾಹೇಬರೂ ರಾಷ್ಟ್ರೀಯವಾದಿಗಳೂ ಒಂದೇ ವಿಷಯದಲ್ಲಿ ಕೈಕುಲುಕಿದ ಅಪರೂಪದ ಸಂದರ್ಭ. ಬಾಗಿಲು ಕೊಂಚ ತೆರೆದದ್ದು 1971ರಲ್ಲಿ. ಬೆಳಗಾವಿಯ ರಾಂಭಾವು ಬಿಜಾಪುರೆ ಹುಟ್ಟಿದ್ದು 1917ರಲ್ಲಿ. ಲೆಕ್ಕ ಹಾಕಿ: ನಮ್ಮ ನೆಲದ ಈ ದೊಡ್ಡ ಹಾರ್ಮೋನಿಯಂ ವಾದಕರ ಪ್ರಾಯವೆಲ್ಲ ಆ ನಿಷೇಧದಲ್ಲೇ ಕಳೆಯಿತು. ರೇಡಿಯೊದ ಬೇಲಿ ಹೋಯಿತು, ತಲೆಯೊಳಗಿನದು ಹೋಗಿಲ್ಲ.

ಜಾರದ ಸ್ವರದಿಂದ ಏನು ಮಾಡಬಹುದು ಎಂದು ತಿಳಿಯಬೇಕಾದರೆ ವಿಂಡ್‌ಮಿಲ್ಸ್‌ಗೂ ಹೋಗಬೇಕಿಲ್ಲ, ಕ್ಯಾಲಿಫೋರ್ನಿಯಾಕ್ಕೂ ಹೋಗಬೇಕಿಲ್ಲ. ಪೀಣ್ಯ ದಾಟಿ ನೆಲಮಂಗಲದ ಕಡೆಗೆ, ಇಲ್ಲವೇ ಬೊಮ್ಮಸಂದ್ರ ದಾಟಿ ಆನೇಕಲ್ ಕಡೆಗೆ, ಯಾವುದಾದರೂ ಊರಲ್ಲಿ ಕುರುಕ್ಷೇತ್ರ ನಾಟಕದ ತಾಲೀಮು ನಡೆಯುವ ರಾತ್ರಿ ದೇವಸ್ಥಾನದ ಜಗಲಿಗೆ ಹೋಗಿ ಕೂರಿ. ದುರ್ಯೋಧನ ಹಗಲು ಲೇತ್ ಮಿಷನ್ ಮುಂದೆ ನಿಲ್ಲುವವನು. ಭೀಮ ಗೂಡ್ಸ್ ಆಟೊ ಓಡಿಸುತ್ತಾನೆ. ಪಾರ್ಟಿಗೆ ಇಂತಿಷ್ಟು ಎಂದು ಇವರೇ ದುಡ್ಡು ಹಾಕಿಕೊಂಡು ನಾಟಕ ಕಟ್ಟುತ್ತಾರೆ. ಎದುರಿಗೆ ಪೇಟಿ ಇಟ್ಟುಕೊಂಡು ಕೂತವರು ಮೇಷ್ಟ್ರು. ಪದ್ಯ ಹೇಳಿಕೊಡುವವರೂ ಅವರೇ, ಮಾತು ತಿದ್ದುವವರೂ ಅವರೇ, ಜಗಳ ಬಿಡಿಸುವವರೂ ಅವರೇ.

ಆ ಕೈಗಳನ್ನೇ ನೋಡುತ್ತಿರಿ. ದುರ್ಯೋಧನ ಎಂಟು ಗಂಟೆ ಮಿಷನ್ ಸದ್ದಿನಲ್ಲಿ ಕೂಗಿ ಮಾತಾಡಿದ ಗಂಟಲಲ್ಲಿ ಪದ್ಯ ಎತ್ತುತ್ತಾನೆ. ಯಾವ ಶ್ರುತಿ ಎಂದು ಅವನಿಗೆ ಗೊತ್ತಿಲ್ಲ. ನಿನ್ನೆ ಕರಿ ಮನೆಯಲ್ಲಿ ಹೇಳಿದ್ದನ್ನು ಇವತ್ತು ಅರ್ಧ ಮನೆ ಕೆಳಗೆ ಹೇಳುತ್ತಾನೆ. ಅವನು ಎರಡನೇ ಅಕ್ಷರಕ್ಕೆ ಬರುವಷ್ಟರಲ್ಲಿ ಮೇಷ್ಟ್ರ ಬೆರಳು ಆ ಮನೆಯಲ್ಲಿರುತ್ತದೆ. ಆವೇಶದಲ್ಲಿ ನಡುವೆ ಶ್ರುತಿ ಏರುತ್ತದೆ. ಪೇಟಿ ಒಂದು ಸಣ್ಣ ಸಂಗತಿ ಹಾಕಿ, ಅದರ ನೆರಳಲ್ಲಿ, ಯಾರಿಗೂ ಕಾಣದಂತೆ ತಾನೂ ಏರಿಬಿಡುತ್ತದೆ. ಸಾಲಿನ ಕೊನೆಯ ಸ್ವರವನ್ನು ಅವನು ಎಳೆಯುತ್ತಾನೆ. ಎಷ್ಟು ಹೊತ್ತು? ಶಿಳ್ಳೆ ಬೀಳುವವರೆಗೆ. ಆ ಎಳೆತದ ಕೆಳಗೆ ಮೇಷ್ಟ್ರು ರಾಗವನ್ನು ಸುತ್ತಿ, ಬಿಚ್ಚಿ, ಪಕ್ಕದ ರಾಗದ ಬಾಗಿಲು ತಟ್ಟಿ ವಾಪಸು ಬರುತ್ತಾರೆ. ಮುಂದಿನ ಸಾಲು ಮರೆತುಹೋಯಿತೋ, ಬಲಗೈ ಅದೇ ಸ್ವರಗಳನ್ನು ಇನ್ನೊಂದು ಸುತ್ತು ತಿರುಗಿಸುತ್ತದೆ, ಬಾಯಿ ಮೊದಲ ಶಬ್ದವನ್ನು ಪಿಸುಗುಡುತ್ತದೆ. ತಬಲದವನಿಗೆ ಕಣ್ಣಲ್ಲೇ ಸನ್ನೆ. ಬರೆದಿಟ್ಟ ಸ್ವರಲಿಪಿ ಒಂದು ಸಾಲೂ ಇಲ್ಲ. ಒಂದು ತಂಡದಲ್ಲಿ ಇಪ್ಪತ್ತು ಗಂಟಲು, ಇಪ್ಪತ್ತು ಶ್ರುತಿ, ರಾತ್ರಿಯೆಲ್ಲ ನಾಟಕ.

ಒಂಟಿ ವಾದಕನೊಬ್ಬ ಮನಸ್ಸಿಗೆ ಬಂದಂತೆ ನುಡಿಸುವಾಗ ಅವನ ಕಾಲು ಜಾರದಂತೆ, ಆದರೆ ಹಾದಿಗೆ ಅಡ್ಡ ಬರದಂತೆ, ಆ ಕ್ಷಣಕ್ಕೆ ಹೊಳೆದದ್ದನ್ನು ಕೆಳಗೆ ಹಾಸುತ್ತ ಹೋಗುವುದು ಜಾಝ್ ಪಿಯಾನೊ ವಾದಕನ ಅತಿ ಕಷ್ಟದ ವಿದ್ಯೆ. ಮೆಕಾಯ್ ಟೈನರ್ ಜಾನ್ ಕೋಲ್ಟ್ರೇನ್‌ಗೆ ಮಾಡುತ್ತಿದ್ದದ್ದು ಇದನ್ನೇ. ಕಂಪನಿ ನಾಟಕದ ಕಾಲು ಹಾರ್ಮೋನಿಯಂನಿಂದ ಬಂದ ಈ ವಿದ್ಯೆಯನ್ನು ಆರ್. ಪರಮಶಿವನ್ ಅಂಥವರು ನಮ್ಮ ಕಾಲದವರೆಗೂ ಹೊತ್ತು ತಂದರು. ರಂಗಗೀತೆ ಎಂಬ ಹೆಸರಲ್ಲಿ ಅದರ ಹಾಡುಗಳಿಗೆ ಒಂದಿಷ್ಟು ಗೌರವ ಸಿಕ್ಕಿತು. ಜಗಲಿಯ ಮೇಲಿನ ಮೇಷ್ಟ್ರಿಗೆ ಸಿಗಲಿಲ್ಲ.

ಆರ್ಕೆಸ್ಟ್ರಾದ ಮಾತಿಗೆ ಬಂದರೆ ಎದುರಾಳಿಗಳ ದನಿ ಜೋರಾಗುತ್ತದೆ. ನವೆಂಬರ್ ಬಂತೆಂದರೆ ಪೀಣ್ಯ, ದಾಸರಹಳ್ಳಿ, ರಾಜಗೋಪಾಲನಗರದ ಸಂದಿಗೊಂದಿಗಳಲ್ಲಿ ರಾಜ್ಯೋತ್ಸವದ ಶಾಮಿಯಾನ. ಕೀಬೋರ್ಡ್‌ನವನೊಬ್ಬ ತಾಳವನ್ನೂ ತಂತಿವಾದ್ಯಗಳನ್ನೂ ಕೊಳಲನ್ನೂ ಒಂದೇ ಪೆಟ್ಟಿಗೆಯಿಂದ ತೆಗೆಯುತ್ತಾನೆ. ಅವನು ತಬಲಾ, ಢೋಲಕ್, ಕೊಳಲಿನವರ ಅನ್ನ ಕಿತ್ತುಕೊಂಡ ಎನ್ನುತ್ತಾರೆ. ಅನ್ನ ಹೋದದ್ದು ನಿಜ, ಆ ನೋವು ಸಣ್ಣದಲ್ಲ. ಆದರೆ ಐವರ ಸಂಬಳ ಉಳಿಸಲು ಒಬ್ಬನನ್ನು ಕರೆದವರು ಕಾರ್ಯಕ್ರಮದ ಗುತ್ತಿಗೆ ಹಿಡಿದವರು. 1950ರ ದಶಕದ ಫಿಲಡೆಲ್ಫಿಯಾ ಕಡೆಗೆ ಒಮ್ಮೆ ನೋಡಿ. ಅಲ್ಲಿ ಜಿಮ್ಮಿ ಸ್ಮಿತ್ ಎಂಬ ಪಿಯಾನೊ ವಾದಕ ಹ್ಯಾಮಂಡ್ ಆರ್ಗನ್ ತಂದು ಗೋದಾಮಿನಲ್ಲಿಟ್ಟುಕೊಂಡು ಅಭ್ಯಾಸಕ್ಕೆ ಕೂತ. ಕಾಲ ಕೆಳಗಿನ ಪಟ್ಟಿಗಳ ಚಿತ್ರವನ್ನು ಗೋಡೆಗೆ ಹಚ್ಚಿಕೊಂಡು ಕಲಿತ. 1956ರಲ್ಲಿ ಬ್ಲೂ ನೋಟ್ ಕಂಪನಿ ಅವನ ಮೊದಲ ರೆಕಾರ್ಡ್ ತಂದಿತು. ಎಡಗೈ ಮತ್ತು ಪಾದದಿಂದ ಬಾಸ್ ನುಡಿಸಿ ಅವನು ಬಾಸ್ ವಾದಕನ ಕುರ್ಚಿಯನ್ನೇ ತೆಗೆದುಹಾಕಿದ. ಕಪ್ಪು ಕಾರ್ಮಿಕರ ಕೇರಿಯ ಸಣ್ಣ ಬಾರುಗಳಿಗೆ ಮೂವರೇ ಸಾಕಾದರು, ಖರ್ಚು ಇಳಿಯಿತು, ಆರ್ಗನ್ ತಂಡಗಳು ಊರೂರಲ್ಲಿ ಹುಟ್ಟಿದವು. ಯಾವ ಇತಿಹಾಸಕಾರನೂ ಸ್ಮಿತ್‌ನನ್ನು ಅನ್ನಕಳ್ಳ ಎಂದು ಬರೆದಿಲ್ಲ, ಹೊಸ ವಾದ್ಯದ ಜನಕ ಎಂದೇ ಬರೆದರು.

ಸಿನಿಮಾ ಹಾಡನ್ನೇ ನಕಲು ಮಾಡುತ್ತಾರೆ ಎಂಬುದು ಮುಂದಿನ ದೂರು. ಜಾಝ್‌ನವರೂ ನಾಟಕ-ಸಿನಿಮಾ ಹಾಡುಗಳ ಮೇಲೆಯೇ ಬದುಕಿದವರು. ಜಾನ್ ಕೋಲ್ಟ್ರೇನ್ ಮನೆಮಾತಾದದ್ದು ‘ಸೌಂಡ್ ಆಫ್ ಮ್ಯೂಸಿಕ್’ ನಾಟಕದ ಹಾಡೊಂದನ್ನು 1960ರಲ್ಲಿ ಹದಿಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಎಳೆದಾಡಿ ನುಡಿಸಿದ ಮೇಲೆ. ಅವನು ಎಳೆದಾಡಿದ, ಇವನು ಇದ್ದಂತೆಯೇ ಒಪ್ಪಿಸುತ್ತಾನೆ ಎನ್ನಬಹುದು. ಅದು ಸರಿಯಾದ ಪೆಟ್ಟು. ನಮ್ಮ ಆರ್ಕೆಸ್ಟ್ರಾ ಹುಡುಗರಲ್ಲಿ ಬಹಳ ಮಂದಿ ಕ್ಯಾಸೆಟ್ಟಿನ ಪಡಿಯಚ್ಚಿನಾಚೆ ಕಾಲಿಡುವುದಿಲ್ಲ. ಆದರೆ ಅವರು ಕಾಲಿಟ್ಟ ದಿನ ನಾವೇನು ಮಾಡುತ್ತೇವೆ? ಹಾಡಿನ ನಡುವಣ ವಾದ್ಯಭಾಗದಲ್ಲಿ ನಾಲ್ಕು ಸ್ವರ ತನ್ನದು ಸೇರಿಸಿದರೆ ಮುಂದಿನ ಸಾಲಿನಿಂದ ಒಬ್ಬ ಎದ್ದು, ಗುರುವೇ ಒರಿಜಿನಲ್ ಹಾಗಿಲ್ಲ ಎಂದು ಕೂಗುತ್ತಾನೆ. ಸಮಿತಿಯ ಅಧ್ಯಕ್ಷರು ಮುಂದಿನ ಹಾಡು ಎನ್ನುತ್ತಾರೆ. ನಕಲನ್ನೇ ಕೊಳ್ಳುವ ನಾವು ಅಸಲಿಲ್ಲವೆಂದು ಬೈಯುತ್ತೇವೆ.

ಕೀಬೋರ್ಡ್‌ನವನ ಆ ಕುರ್ಚಿಯಿಂದ ಎದ್ದು ಹೋದವರು ಯಾರು ಯಾರು ಎಂಬುದನ್ನೂ ಮರೆತಿದ್ದೇವೆ. ಇಳಯರಾಜ ಸ್ವಂತ ಹೆಸರು ಮಾಡುವ ಮೊದಲು ಗಿಟಾರ್, ಕಾಂಬೊ ಆರ್ಗನ್ ನುಡಿಸುತ್ತ, ಜಿ.ಕೆ. ವೆಂಕಟೇಶ್ ಅವರ ಸಹಾಯಕನಾಗಿ ಕನ್ನಡ ಚಿತ್ರಗಳಿಗೆ ವರ್ಷಗಟ್ಟಲೆ ದುಡಿದವರು. ಎ.ಆರ್. ರೆಹಮಾನ್ ಹುಡುಗನಾಗಿದ್ದಾಗ ಕೀಬೋರ್ಡ್ ಹೊತ್ತುಕೊಂಡು ಹೋಗಿ ಕೂತ ಸಂಗೀತ ನಿರ್ದೇಶಕರಲ್ಲಿ ವಿಜಯಭಾಸ್ಕರ್, ಹಂಸಲೇಖ ಇದ್ದಾರೆ. ಕೀಬೋರ್ಡ್‌ನವನು ಎಂದು ತಾತ್ಸಾರದಿಂದ ಕರೆಯುವಾಗ ಯಾರನ್ನು ಕರೆಯುತ್ತಿದ್ದೇವೆ ಎಂಬುದು ಗೊತ್ತಿರುವುದಿಲ್ಲ. ಹಾಗೆ ಗೊತ್ತಿರಲಿಲ್ಲ ಎಂಬುದೇ ಆಮೇಲೆ ನಮ್ಮ ಹೆಮ್ಮೆಯ ಕಥೆಯಾಗುತ್ತದೆ, ಅದೊಂದು ವಿಪರ್ಯಾಸ.

ಎರಡು ದೋಣಿಯಲ್ಲಿ ಕಾಲಿಟ್ಟರೆ ಸಂಗೀತ ಕೆಡುತ್ತದೆ ಎನ್ನುವವರಿಗೆ ಮೈಸೂರಿನ ಕೊನೆಯ ಮಹಾರಾಜರೇ ಉತ್ತರ. ಜಯಚಾಮರಾಜ ಒಡೆಯರು ಪಿಯಾನೊದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್. ರಷ್ಯದ ಮೆಟ್ನರ್‌ನ ಪಿಯಾನೊ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು. ಅವರೇ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ಅವರದು ವಿಶಾಲ ಮನಸ್ಸು ಎಂದು ಬರೆಯುತ್ತೇವೆ, ಬರೆಯಲೇಬೇಕು. ದಾಸರಹಳ್ಳಿಯ ಹುಡುಗ ಬೆಳಿಗ್ಗೆ ಚರ್ಚಿನಲ್ಲಿ ಸ್ವರಗುಚ್ಛ ಹಿಡಿದು, ಸಂಜೆ ಮಾರಮ್ಮನ ಜಾತ್ರೆಯಲ್ಲಿ ಅದೇ ಕೀಬೋರ್ಡ್‌ನಲ್ಲಿ ನಾಗಸ್ವರದ ದನಿ ತೆಗೆದರೆ ಮಾತ್ರ ಅದು ಕಲಬೆರಕೆ. ಕಿವಿಯ ತೀರ್ಪು ಹೀಗಿರುವುದಿಲ್ಲ.

ಈಗ ರಾಜ್ಯೋತ್ಸವ ಸಮಿತಿಗಳಿಗೂ ಪತ್ರಿಕೆಗಳ ಸಂಗೀತ ಪುಟದವರಿಗೂ ಒಟ್ಟಿಗೆ ಒಂದು ಕೆಲಸ ಹೇಳಬೇಕೆನಿಸುತ್ತದೆ. ಶಾಮಿಯಾನದ ಮುಂದಿನ ಫ್ಲೆಕ್ಸ್‌ನಲ್ಲಿ ವಾರ್ಡಿನ ಮುಖಂಡರಿಂದ ಹಿಡಿದು ಅವರ ತಮ್ಮಂದಿರವರೆಗೆ ಮೂವತ್ತು ಮುಖಗಳಿರುತ್ತವೆ. ಹಾಡುವವರ ಹೆಸರು ಸಣ್ಣಕ್ಷರದಲ್ಲಿ, ನುಡಿಸುವವರದು ಇಲ್ಲವೇ ಇಲ್ಲ. ಮುಂದಿನ ನವೆಂಬರಿನಲ್ಲಿ ಒಂದು ರಾತ್ರಿ, ಹತ್ತು ಗಂಟೆಗೆ ಪೊಲೀಸರು ಬಂದು ಮೈಕ್ ಆರಿಸುವ ಮೊದಲು, ಕೀಬೋರ್ಡ್‌ನವನಿಗೆ ಹತ್ತು ನಿಮಿಷ ಬಿಟ್ಟುಕೊಡಿ. ಒಂದೇ ಹಾಡು ಎತ್ತಿಕೊಂಡು ತನಗೆ ಬೇಕಾದಂತೆ ನುಡಿಸಲಿ. ಒರಿಜಿನಲ್ ಹಾಗಿಲ್ಲ ಎಂದು ಕೂಗುವವನನ್ನು ಯಾರಾದರೂ ಭುಜ ಹಿಡಿದು ಕೂರಿಸಿ. ಕೆಟ್ಟದಾಗಿ ನುಡಿಸಿದರೆ ಕೆಟ್ಟದಾಗಿದೆ ಎಂದೇ ವಿಮರ್ಶೆ ಬರೆಯಿರಿ, ಅವನ ಹೆಸರು ಹಾಕಿ.